ತಂತಿ ನಿಂತರೂ ನಿಲ್ಲದ ತಂತಿ ಕಾಯ್ದೆ

ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಸಾಗಬೇಕಾದ 400 ಕಿಲೋವೋಲ್ಟ್ ಮಾರ್ಗದ ಮಾತು ಬಂದಾಗಲೆಲ್ಲ ಎರಡೂ ರಾಜ್ಯಗಳವರು ಕಾಡಿನ ಲೆಕ್ಕ ಹಿಡಿದು ಕೂರುತ್ತಾರೆಯೇ ಹೊರತು ಹೊಲದ ಸುದ್ದಿಯನ್ನು ಎತ್ತುವವರಿಲ್ಲ. ಗೋವಾ–ತಮ್ನಾರ್ ಎಂಬ ಈ ಯೋಜನೆ ಖಾಸಗಿ ಸಂಸ್ಥೆಯಾದ ಸ್ಟರ್ಲೈಟ್ ಪವರ್‌ಗೆ ದಕ್ಕಿದ್ದು ಮೊದಲು, ಅದರ ದಾರಿ ಸರಿಯೇ ಎಂಬ ವಿಚಾರಣೆ ನಡೆದದ್ದು ಆಮೇಲೆ. ಅರಣ್ಯ ವ್ಯಾಜ್ಯಗಳಲ್ಲಿ ಸುಪ್ರೀಂ ಕೋರ್ಟಿಗೆ ಸಲಹೆ ನೀಡುವ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು ಹೊಸದಾಗಿ ಕಾಡು ಕಡಿಯುವ ಬದಲು ಅಂಬೇವಾಡಿ–ಪೋಂಡಾ ನಡುವೆ ಈಗಾಗಲೇ ಇರುವ 220 ಕಿಲೋವೋಲ್ಟ್ ಮಾರ್ಗದ ಜಾಡನ್ನೇ ಬಳಸಬೇಕೆಂದು 2021ರಲ್ಲಿ ಹೇಳಿತು. ಮರುವರ್ಷ ನ್ಯಾಯಾಲಯವೂ ಅದನ್ನು ಒಪ್ಪಿತು.

ಕಾಡಿಗೆ ಇಷ್ಟಾದರೂ ವಿಚಾರಣೆ ಉಂಟು. ರೈತನ ಹೊಲಕ್ಕೆ ಇರುವುದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಬ್ರಿಟಿಷರು ತಂತಿ ಕಂಬ ನೆಡಲು ಬರೆದುಕೊಂಡ ಈ ಕಾನೂನಿನ ಅಧಿಕಾರವನ್ನು ವಿದ್ಯುತ್ ಪರವಾನಗಿದಾರನಿಗೆ, ಅವನು ಖಾಸಗಿಯವನಾಗಿದ್ದರೂ, ಲಿಖಿತ ಆದೇಶದ ಮೂಲಕ ವಹಿಸಿಕೊಡಲು 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಸರ್ಕಾರಕ್ಕೆ ಅವಕಾಶ ನೀಡುತ್ತದೆ. ಆ ಆದೇಶವಿಲ್ಲದಿದ್ದರೆ ಕಂಪನಿಯು ವಿದ್ಯುತ್ ಕಾಯ್ದೆಯಡಿಯ 2006ರ ನಿಯಮಗಳಂತೆ ಜಮೀನಿನ ಒಡೆಯನ ಒಪ್ಪಿಗೆ ಕೇಳಬೇಕು. ಆದೇಶ ಕೈಗೆ ಬಂದರೆ ಕೇಳುವ ಅಗತ್ಯವಿಲ್ಲ. ಭೂಮಿ ಸ್ವಾಧೀನವಾಗುವುದಿಲ್ಲ, ‘ಬಳಕೆಯ ಹಕ್ಕು’ ಮಾತ್ರ ಕಂಪನಿಗೆ ಸಲ್ಲುತ್ತದೆ ಎಂಬುದು ಕಾನೂನಿನ ಸಮಾಧಾನ. ಗೋಪುರ ಎದ್ದ ಮೇಲೆ ಅದರ ನಾಲ್ಕು ಕಾಲುಗಳ ನಡುವೆ ಒಡೆಯನಿಗೆ ಉಳಿಯುವುದು ಪಹಣಿಯಲ್ಲಿನ ಹೆಸರು. ರೈತ ಅಡ್ಡ ನಿಂತರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆದು ಕಂಪನಿ ಕೆಲಸ ಮುಂದುವರಿಸಬಹುದು, ಪರಿಹಾರ ಸಾಲದೆಂದರೆ ಅವನೇ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬೇಕು. ಗೋಪುರದ ತಳಕ್ಕೆ ಭೂಮಿಯ ಬೆಲೆಯ ಶೇ. 85ರಷ್ಟು ಪರಿಹಾರ ಸಾಕೆಂದು 2015ರಲ್ಲಿ ಸೂಚಿಸಿದ್ದ ಕೇಂದ್ರವು 2024ರಲ್ಲಿ ಅದನ್ನು ಶೇ. 200ಕ್ಕೆ ಏರಿಸಿದ್ದೇ ನಡುವಿನ ಒಂಬತ್ತು ವರ್ಷ ರೈತನಿಗೆ ಎಷ್ಟು ಕಡಿಮೆ ಸಂದಿತ್ತೆಂಬುದರ ತಪ್ಪೊಪ್ಪಿಗೆಯಂತಿದೆ. ಆದರೂ ಅದು ಮಾರ್ಗಸೂಚಿ ಮಾತ್ರ. ಟೆಲಿಗ್ರಾಂ ಸೇವೆ 2013ರಲ್ಲೇ ನಿಂತುಹೋದ ದೇಶದಲ್ಲಿ ಟೆಲಿಗ್ರಾಫಿನ ದರ್ಪವೊಂದೇ ಹೀಗೆ ಉಳಿದುಕೊಂಡಿತು.

ಲಾಭ ಖಾಸಗಿಯಾಗಿರುವಾಗ ಬಲವಂತದ ಅಧಿಕಾರ ಮಾತ್ರ ಸರ್ಕಾರದ್ದೇಕೆ ಎಂಬ ಪ್ರಶ್ನೆಯನ್ನು ಕರ್ನಾಟಕವಾದರೂ ಎತ್ತಬಹುದಿತ್ತು. ಅದರ ಬದಲು 2024ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿ ಮುಖ್ಯಮಂತ್ರಿಗಳು ಈ ಮಾರ್ಗದ ಕಾಡಿನ ಲೆಕ್ಕವನ್ನು ಮಹದಾಯಿ ನೀರಿನ ಕಳಸಾ–ಬಂಡೂರಿ ಯೋಜನೆಯ ಜೊತೆ ತೂಗಿದರು. ಮಹದಾಯಿಯ ನೀರಿಗೆ ಒಪ್ಪಿಗೆ ಸಿಕ್ಕ ಮರುದಿನವೂ ಬೆಂಗಳೂರಿನ ಈ ಅರಣ್ಯಪ್ರೇಮ ಹೀಗೆಯೇ ಇರುತ್ತದೆಂದು ಮಾರ್ಗದ ದಾರಿಯಲ್ಲಿರುವ ದಾಂಡೇಲಿಯ ಮರಗಳು ನಂಬಬೇಕಂತೆ.