ಸಂಶೋಧನೆ ನಮ್ಮೂರಲ್ಲೇ, ಚಿಕಿತ್ಸೆ ಮಾತ್ರ ದೂರ

ಸ್ಕಿಜೋಫ್ರೇನಿಯಾ ಎಂದರೆ ಬಹುತೇಕರಿಗೆ ಸಿನಿಮಾದ ‘ಹುಚ್ಚ’ನೇ ನೆನಪಾಗುತ್ತಾನೆ. ಆದರೆ ಈ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಹರೆಯದಲ್ಲಿ. ಅಂದರೆ ಓದುವ, ಕೆಲಸಕ್ಕೆ ಅರ್ಜಿ ಹಾಕುವ ನಮ್ಮ ವಯಸ್ಸಿನಲ್ಲೇ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಎಲ್ಲರೂ ಸಂಚು ಮಾಡುತ್ತಿದ್ದಾರೆಂಬ ಅನುಮಾನ, ಸ್ನಾನ, ಊಟ, ಓದು ಯಾವುದೂ ಬೇಡವೆನಿಸುವುದು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 2 ಕೋಟಿಗೂ ಹೆಚ್ಚು ಜನರಿಗೆ ಇದು ಇದೆ.

ಇದರ ಮೇಲೆ ಮಹತ್ವದ ಸಂಶೋಧನೆ ನಡೆಯುತ್ತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿನ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ರೋಗಿಗಳನ್ನು ಅವರ ಊರಲ್ಲೇ ಗುರುತಿಸಿ, ಒಂದು ವರ್ಷ ಗಮನಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಔಷಧ ಪಡೆದವರ ದೈನಂದಿನ ಬದುಕು ಸುಧಾರಿಸಿತ್ತು, ಪಡೆಯದವರ ಸ್ಥಿತಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಸೆಳೆದದ್ದು ‘ಟಿಡಿಸಿಎಸ್’. ಔಷಧ ತೆಗೆದುಕೊಂಡರೂ ದನಿ ನಿಲ್ಲದವರ ತಲೆಗೆ ಎಲೆಕ್ಟ್ರೋಡ್ ಇಟ್ಟು, ಕೇವಲ 2 ಮಿಲಿಆಂಪಿಯರ್ ವಿದ್ಯುತ್ತನ್ನು 20 ನಿಮಿಷ ಹಾಯಿಸುವ ವಿಧಾನವಿದು. ಇದನ್ನೂ ನಿಮ್ಹಾನ್ಸ್ ಅಧ್ಯಯನ ಮಾಡುತ್ತಿದೆ. ಇಂಥ ಕಡೆ ನಮ್ಮಂಥವರ ಓದಿಗೂ ಕೆಲಸವಿದೆ.

ಇಷ್ಟಾದರೂ ಚಿಕಿತ್ಸೆ ಎಷ್ಟು ಜನರಿಗೆ ತಲುಪಿದೆ? 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮಾನಸಿಕ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾರಣ ದೂರವೊಂದೇ ಅಲ್ಲ. ನಮ್ಮ ಪುಟ್ಟೇನಹಳ್ಳಿಯಿಂದ ಬಸ್ ಹತ್ತಿದರೆ ನಿಮ್ಹಾನ್ಸ್ ತಲುಪಬಹುದು. ಆದರೂ ನಮ್ಮ ಬೀದಿಯ, ಡಿಪ್ಲೊಮಾ ಮುಗಿಸಿದ್ದ ಅಣ್ಣನೊಬ್ಬ ಎರಡು ವರ್ಷ ಕೋಣೆ ಬಿಟ್ಟು ಹೊರಬರಲಿಲ್ಲ. ಮನೆಯವರು ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂದವರೂ ಇದ್ದರು. ‘ಆಸ್ಪತ್ರೆ ಚೀಟಿ ಮಾಡಿಸಿದರೆ ನಾಳೆ ಯಾರು ಕೆಲಸ ಕೊಡ್ತಾರಪ್ಪ?’ ಎಂಬುದು ಅವನ ಅಮ್ಮನ ಭಯವಾಗಿತ್ತು. ಈಗ ಚಿಕಿತ್ಸೆ ಪಡೆಯುತ್ತಾ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದಾನೆ. ಕಳೆದುಹೋದ ಆ ಎರಡು ವರ್ಷಗಳು ಮಾತ್ರ ಮರಳಿ ಬರುವುದಿಲ್ಲ.

ಆ ಅಮ್ಮನ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಒಳಗೊಂಡಿದೆ. ಸರ್ಕಾರಿ ನೌಕರಿಯಲ್ಲಿ ಮೀಸಲಾದ ಶೇ 4ರಲ್ಲಿ ಇಂಥವರಿಗೂ ಪಾಲಿದೆ. ಇದಕ್ಕೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ರೆಸ್ಯೂಮೆ ಬರೆಯುವುದನ್ನು ಕಲಿಸುವಂತೆ ಇದನ್ನೂ ಹೇಳಬೇಕು.

ಗೆಳೆಯನೊಬ್ಬ ದಿಢೀರನೆ ಮೌನವಾಗಿ, ತರಗತಿ ಬಿಟ್ಟು, ಎಲ್ಲರನ್ನೂ ಅನುಮಾನಿಸತೊಡಗಿದರೆ ‘ಎಕ್ಸಾಂ ಟೆನ್ಷನ್’ ಎಂದು ಸುಮ್ಮನಾಗಬೇಡಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಔಷಧ ಕಂಡುಹಿಡಿಯುವುದು ವಿಜ್ಞಾನಿಗಳ ಕೆಲಸ. ಗೆಳೆಯನನ್ನು ಬೇಗ ವೈದ್ಯರ ಬಳಿ ಕರೆದೊಯ್ಯುವುದು ನಮ್ಮದು.