ಉಗುರು ನೋಡಬೇಕಂದ್ರ ಮೊದಲು ಕೈ ಹಿಡೀಬೇಕು

ವಾಟ್ಸಾಪ್‌ನಾಗ ಮತ್ತೊಂದು ಮೆಸೇಜ್ ಓಡಾಡಾಕತ್ತೈತಿ: ನಿಮ್ಮ ಉಗುರು ನೋಡಿ ಆರೋಗ್ಯ ತಿಳಿಯಿರಿ. ಬಿಳಿ ಚುಕ್ಕೆ ಇದ್ರ ಕ್ಯಾಲ್ಸಿಯಂ ಕಡಿಮೆಯಂತೆ, ಬಾದಾಮಿ ತಿನ್ನಬೇಕಂತೆ. ಸುಳ್ಳು. ಆ ಚುಕ್ಕೆ ಬಹುಪಾಲು ಉಗುರಿನ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನದು.

ಹಾಗಂತ ಉಗುರು ಏನೂ ಹೇಳೂದಿಲ್ಲ ಅಂತಲ್ಲ. ಹೇಳ್ತದೆ. ಯಾರ ಉಗುರಿನ ಮಾತು ಯಾರು ಕೇಳ್ತಾರೆ ಅನ್ನೋದು ನನ್ನ ಪ್ರಶ್ನೆ.

ಉಗುರು ತೆಳುವಾಗಿ ಚಮಚದಂತೆ ತಗ್ಗು ಬಿದ್ದಿದ್ದರೆ ಅದು ಕಬ್ಬಿಣಾಂಶದ ಕೊರತೆಯ ಗುರುತಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಬಾದಾಮಿ ಯಾರಿಗೆ ಹೇಳ್ತೀರಿ? 2021ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಅಂದಾಗ ಬೀದಿಗೆ ಬಂದು ಬೇಡ ಅಂದವರು ಯಾರು, ನೆನಪಿದೆಯಲ್ಲ? ಮೊಟ್ಟೆಯೊಂದೇ ರಕ್ತ ತುಂಬೂದಿಲ್ಲ, ಖರೆ. ಆದರೆ ಬಡವರ ತಾಟಿನಿಂದ ಅದನ್ನೂ ಕಸಿಯೋಕೆ ಬಂದವರು ನಮಗೆ ಆರೋಗ್ಯದ ಪಾಠ ಹೇಳಬಾರದು.

ಇನ್ನು ನಮ್ಮ ಮಹಾಲಿಂಗಪುರದಂಥ ಊರುಗಳ ಗಟಾರ ಬಳಿಯುವ ಕೈಗಳು. ದಿನವಿಡೀ ನೀರು, ಕೊಳಚೆಯಲ್ಲಿದ್ದ ಬೆರಳಿಗೆ ಉಗುರುಸುತ್ತು ಆಗ್ತದೆ: ಸಂದು ಕೆಂಪಾಗಿ ಬಾತು ಕೀವು ತುಂಬ್ತದೆ. ನಿಂಬೆಹಣ್ಣು ಸಿಗಿಸ್ಕೊಂಡು ಮರುದಿನ ಮತ್ತೆ ಕೆಲಸ, ಯಾಕಂದ್ರ ರಜೆ ಹಾಕಿದ್ರ ಪಗಾರ ಕಟ್. ಕೈಗವಸು, ಬೂಟು, ಮಾಸ್ಕ್ ಕೊಡಿಸಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಬರೆದಿತ್ತು. ಕಾಗದದ ಮೇಲಿನ ಕೈಗವಸು ಯಾವ ಕೈಗೆ ಹಾಕ್ಕೊಳ್ಳೋದ್ರಿ?

ವೈದ್ಯಕೀಯ ಚಿತ್ರಗಳಲ್ಲಿ ಉಗುರು ಯಾವಾಗಲೂ ಗುಲಾಬಿ. ಕಪ್ಪು ಮೈಯವರಿಗೆ ಹಲವು ಉಗುರುಗಳಲ್ಲಿ ಉದ್ದುದ್ದ ಕಂದು ಗೆರೆ ಇರೋದು ಸಹಜ, ಹೆದರಬೇಡಿ. ಒಂದೇ ಬೆರಳಲ್ಲಿ ಹೊಸದಾಗಿ ಬಂದ ಗೆರೆ ಅಗಲ ಆಗ್ತಾ ಹೋದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಬೆರಳ ತುದಿ ಉಬ್ಬಿ ಉಗುರು ಗಿಳಿಮೂತಿಯಂತೆ ಬಾಗಿದ್ರೂ ತೋರಿಸಿ. ಶ್ವಾಸಕೋಶ, ಹೃದಯದ ತೊಂದರೆ ಇರಬಹುದು.

ಆದರೆ ಇದೆಲ್ಲ ಕಾಣಬೇಕಂದ್ರ ಡಾಕ್ಟರು ಕೈ ಹಿಡಿದು ನೋಡಬೇಕು. ಮೇಜಿನ ಆಚೆಯಿಂದಲೇ ಚೀಟಿ ಬರೆದು ಕಳಿಸೋದು ತಪಾಸಣೆ ಅಲ್ಲ, ಅಸ್ಪೃಶ್ಯತೆಯ ಇನ್ನೊಂದು ಹೆಸರು.

ಕೇಳೋದು ಮೂರೇ. ಪೌರಕಾರ್ಮಿಕರಿಗೆ ಕೆಲಸದ ವೇಳೆಯಲ್ಲೇ, ಪಗಾರ ಕಡಿಯದೆ ಆರೋಗ್ಯ ತಪಾಸಣೆ. ಅದರಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಕಡ್ಡಾಯ. ಹರಿದ ಕೂಡಲೇ ಬದಲಿ ಕೈಗವಸು. ನಿಮ್ಮ ನಿಮ್ಮ ಪುರಸಭೆಗೆ ಅರ್ಜಿ ಹಾಕಿ, ಸ್ವೀಕೃತಿ ಸಹಿ ತಗೊಂಡೇ ಬನ್ನಿ.

ಭಿಕ್ಷೆ ಅಲ್ಲ, ಹಕ್ಕು. ಜೈ ಭೀಮ್.