ಬ್ರದರ್ ಏಕೆ ಕೆಲಸ ಬಿಟ್ಟರು?



ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ನಡುವೆ ಆಗಾಗ ಕೇಳಿಬರುವ ಮಾತೊಂದಿದೆ: "ನರ್ಸ್ ಕೆಲಸಕ್ಕೆಂದು ಬಂದ ಆ ಹುಡುಗ ಒಂದು ಕಡೆಯೂ ನಿಲ್ಲುವುದಿಲ್ಲ, ಇದು ಮೂರನೆಯ ಆಸ್ಪತ್ರೆ." ಇದರಲ್ಲಿ ತೀರ್ಪಿದೆ, ವಿಚಾರಣೆಯಿಲ್ಲ. ದಿನವೂ ನರ್ಸುಗಳ ಜೊತೆ ದುಡಿಯುವ ವೈದ್ಯರಾದ ನಾವು ಈ ತೀರ್ಪನ್ನು ಒಪ್ಪಲಾರೆವು. ಇಂಥ ಎಷ್ಟೋ ರಾಜೀನಾಮೆಗಳ ಹಿಂದೆ ಕಿರುಕುಳವಿರುತ್ತದೆ.

ಕಿರುಕುಳಕ್ಕೆ ಕೂಗಾಟವೇ ಬೇಕಿಲ್ಲ. ಸತತ ರಾತ್ರಿ ಪಾಳಿಗಳಾಗಿ, ನಿರಾಕರಿಸಿದ ರಜೆಯಾಗಿ ಅದು ಡ್ಯೂಟಿ ಪಟ್ಟಿಯಲ್ಲೇ ಅಡಗಿರಬಲ್ಲದು. "ಗಂಡಸಲ್ಲವೇ" ಎಂದು ಭಾರದ ರೋಗಿಯನ್ನು ಎತ್ತುವ, ಕೈಮಾಡುವ ರೋಗಿಯನ್ನು ತಡೆಯುವ ಕೆಲಸವೆಲ್ಲ ಅವನ ಪಾಲಿಗೆ. ಪಾಳಿ ಬದಲಾಗುವಾಗ ಅವನ ಉಚ್ಚಾರಣೆಯ ಅಣಕ. ಮಹಿಳಾ ರೋಗಿಯ ಬಳಿ ಹೋದರೆ ಅನುಮಾನದ ನೋಟ, ಹೋಗದಿದ್ದರೆ ಮೈಗಳ್ಳನೆಂಬ ಹೆಸರು. ಸುತ್ತಿನ ವೇಳೆ ಅವನ ಮಾತನ್ನು ಅರ್ಧಕ್ಕೇ ತುಂಡರಿಸುವ ವೈದ್ಯರೂ ಇದರಲ್ಲಿ ಪಾಲುದಾರರು.

ಈ ಅನ್ಯಭಾವಕ್ಕೆ ಇತಿಹಾಸವಿದೆ. ಬ್ರಿಟನ್ನಿನ 1919ರ ನರ್ಸುಗಳ ನೋಂದಣಿ ಕಾಯ್ದೆ ಪುರುಷರನ್ನು ಪ್ರತ್ಯೇಕ ಪೂರಕ ಪಟ್ಟಿಯಲ್ಲಿಟ್ಟಿತು. ಅವರು ಮುಖ್ಯ ನೋಂದಣಿಗೆ ಸೇರಲು 1949ರ ಕಾಯ್ದೆ ಬರಬೇಕಾಯಿತು. ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅವರಿಗೆ ಸದಸ್ಯತ್ವ ನೀಡಿದ್ದು 1960ರಲ್ಲಿ. ಇಂದಿಗೂ ಇಲ್ಲಿ ಹತ್ತು ನರ್ಸುಗಳಲ್ಲಿ ಸುಮಾರು ಒಬ್ಬರು ಮಾತ್ರ ಪುರುಷರು.

"ಈ ವೃತ್ತಿಯಲ್ಲಿ ಗಂಡಸರೇ ಬೇಗ ಮೇಲೇರುತ್ತಾರಲ್ಲ" ಎನ್ನುವವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಇದನ್ನೇ "ಗಾಜಿನ ಎಸ್ಕಲೇಟರ್" ಎಂದು ಕರೆದರು. ಆದರೆ 2009ರಲ್ಲಿ ಏಡಿಯಾ ಹಾರ್ವಿ ವಿಂಗ್‌ಫೀಲ್ಡ್ ತೋರಿಸಿಕೊಟ್ಟಂತೆ, ಕಪ್ಪು ಪುರುಷ ನರ್ಸುಗಳಿಗೆ ಆ ಮೆಟ್ಟಿಲು ಹಾಗೆ ಒದಗುವುದಿಲ್ಲ. ಹೊರದೇಶದಿಂದ ಬಂದ ನಮ್ಮ ಹುಡುಗರು ಆ ಮೆಟ್ಟಿಲ ಯಾವ ಬದಿಯಲ್ಲಿದ್ದಾರೆಂದು ಊಹಿಸುವುದು ಕಷ್ಟವಲ್ಲ.

ಅವರ ವೀಸಾ ಉದ್ಯೋಗದಾತನ ಪ್ರಾಯೋಜನೆಗೆ ಕಟ್ಟಿಬಿದ್ದಿದೆ. ಕೆಲಸ ಹೋದರೆ ಹೊಸ ಪ್ರಾಯೋಜಕನನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಊರಿನಲ್ಲಿ ನರ್ಸಿಂಗ್ ಕಾಲೇಜಿನ ಸಾಲ, ಇಲ್ಲಿ ಮನೆಬಾಡಿಗೆ. ಬಡವನ ಕೋಪ ದವಡೆಗೆ ಮೂಲವೆಂಬುದನ್ನು ಬಲ್ಲ ಅವನು ದೂರು ಕೊಡುವುದಿಲ್ಲ. ಸದ್ದಿಲ್ಲದೆ ಇನ್ನೊಂದು ಆಸ್ಪತ್ರೆಗೆ ಅರ್ಜಿ ಹಾಕುತ್ತಾನೆ. ಕಿರುಕುಳ ಕೊಟ್ಟವರು ಅಲ್ಲೇ ಉಳಿಯುತ್ತಾರೆ.

ನಷ್ಟ ಅವನೊಬ್ಬನದಲ್ಲ. ಹೆದರಿದ ನರ್ಸ್ ತಪ್ಪಾದ ಔಷಧದ ಪ್ರಮಾಣವನ್ನು ಕಂಡರೂ ಬಾಯಿ ಬಿಡಲಾರ. ಸಿಬ್ಬಂದಿಯ ದನಿಯನ್ನು ಅಡಗಿಸಿದರೆ ರೋಗಿಗಳ ಗತಿ ಏನಾಗುತ್ತದೆಂಬುದನ್ನು ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಕುರಿತ 2013ರ ಫ್ರಾನ್ಸಿಸ್ ವರದಿ ದೇಶಕ್ಕೇ ತಿಳಿಸಿತು.

ನಮ್ಮ ಸಮುದಾಯವೂ ಉತ್ತರಿಸಬೇಕು. "ದಾದಿ" ಎಂಬ ನಮ್ಮ ಪದವೇ ಹೆಣ್ಣಿಗೆ ಮೀಸಲು. ಊರ ಆಸ್ಪತ್ರೆಯಲ್ಲಿ "ಬ್ರದರ್" ಎಂದು ಬಾಯ್ತುಂಬ ಕರೆದು ಸೇವೆ ಪಡೆದವರೇ ಹಬ್ಬದೂಟದ ಪಂಕ್ತಿಯಲ್ಲಿ "ಡಾಕ್ಟರ್ ಓದಲಾಗಲಿಲ್ಲವೇನಪ್ಪಾ?" ಎಂದು ಕೇಳುತ್ತಾರೆ. ವಾರ್ಡಿನ ಅವಮಾನ ಅಲ್ಲಿಗೂ ಹಿಂಬಾಲಿಸಿದರೆ ಅವನು ಯಾರಲ್ಲಿ ಹೇಳಿಕೊಂಡಾನು?

ಇದು ಗಂಡು-ಹೆಣ್ಣಿನ ಜಗಳವಲ್ಲ. ಹೆಣ್ಣುಮಕ್ಕಳೂ ಇದೇ ಕಿರುಕುಳ ಉಣ್ಣುತ್ತಾರೆ. ಆದರೆ "ಗಂಡಸಾದವನು ಸಹಿಸಬೇಕು" ಎಂಬ ಉಪದೇಶ ಇವನಿಗೆ ಮಾತ್ರ. ಅದನ್ನು ನಾವು ನಿಲ್ಲಿಸೋಣ. ಘಟನೆಗಳನ್ನು ದಿನಾಂಕ, ಸಮಯ, ಸಾಕ್ಷಿಗಳೊಡನೆ ಬರೆದಿಡಲು ಹೇಳೋಣ. ಕಾರ್ಮಿಕ ಸಂಘದ ಸದಸ್ಯತ್ವ ಪಡೆಯಲು ಒತ್ತಾಯಿಸೋಣ. ಇಂಗ್ಲೆಂಡಿನ ಎನ್‌ಎಚ್‌ಎಸ್ ಟ್ರಸ್ಟುಗಳಲ್ಲಿ "ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್" ಇದ್ದಾರೆಂಬುದನ್ನೂ, 2010ರ ಸಮಾನತಾ ಕಾಯ್ದೆ ಲಿಂಗ ಮತ್ತು ಜನಾಂಗದ ಕಾರಣಕ್ಕೆ ಕೊಡುವ ಕಿರುಕುಳವನ್ನು ನಿಷೇಧಿಸಿದೆಯೆಂಬುದನ್ನೂ ತಿಳಿಸೋಣ. ನಮ್ಮಲ್ಲಿ ಹಿರಿಯ ಹುದ್ದೆಯಲ್ಲಿರುವ ವೈದ್ಯರು ವಾರ್ಡಿನಲ್ಲಿ ಅಣಕ ಕೇಳಿದಾಗ ಅಲ್ಲಿಯೇ, ಆಗಲೇ ತಡೆಯಲಿ.

ಇನ್ನು ಮುಂದೆ "ಅವನೇಕೆ ನಿಲ್ಲಲಿಲ್ಲ?" ಎಂದು ಕೇಳುವ ಬದಲು, ಅವನನ್ನು ನಿಲ್ಲಗೊಡದವರು ಯಾರೆಂದು ಕೇಳೋಣ.